ಹೆಗಲಿಗೆ ಹಗುರವಾಗಲೆಂದು

ಆ ಬೇಸಿಗೆಯ ಮಧ್ಯಾಹ್ನಗಳನ್ನು ನೆನೆದರೆ ನನಗೆ ಈಗಲೂ ನಿದ್ದೆ ಬಂದಂತಾಗುತ್ತದೆ. ಪರದೇಶದಲ್ಲಿ, ವಿಮಾನ ನಿಲ್ದಾಣದ ಪಕ್ಕದ ಮಾಲ್ಟನ್ನಿನ ನಮ್ಮ ಮನೆಯ ಡ್ರೈವ್‌ವೇಯಲ್ಲಿ ಹಳೆಯದೊಂದು ಟ್ರೇಲರು ನಿಂತಿತ್ತು. ಗಾಡಿಯ ಹಿಂದೆ ಕಟ್ಟಿಕೊಂಡು ಎಳೆದೊಯ್ಯುವ ಪುಟ್ಟ ಮನೆ: ಎರಡು ಹಾಸಿಗೆ, ಒಂದು ಒಲೆ, ಅಂಗೈಯಗಲದ ಸಿಂಕು. ನನ್ನ ಹಳೆಯ ಸೀರೆಯನ್ನು ಕತ್ತರಿಸಿ ಅದರ ಕಿಟಕಿಗಳಿಗೆ ಪರದೆ ಹೊಲಿದಿದ್ದೆ. ಊಟವಾದ ಮೇಲೆ ಮಗಳೂ ನಾನೂ ಅದರೊಳಗೆ ಹೋಗಿ ಮಲಗುತ್ತಿದ್ದೆವು. ವಿಮಾನಗಳು ತಲೆಯ ಮೇಲೆಯೇ ಇಳಿಯುತ್ತಿದ್ದವು. ಪ್ರತಿ ಸಲವೂ ಸ್ಟೀಲಿನ ಲೋಟಗಳು ಸಣ್ಣಗೆ ನಡುಗುತ್ತಿದ್ದವು, ಪರದೆಯ ಕೆಂಪು ಅಂಚಿನ ಬಣ್ಣ ಮಗಳ ಕೆನ್ನೆಯ ಮೇಲೆ ಆಡುತ್ತಿತ್ತು. ಅರೆನಿದ್ದೆಯಲ್ಲಿ ನನಗೆ ನಾವು ಹೊರಟೇಬಿಟ್ಟಿದ್ದೇವೆ ಅನಿಸುತ್ತಿತ್ತು.

ಟ್ರೇಲರು ನನ್ನ ಯಜಮಾನರ ಹಟ. ಅವರು ಬೆಳಗಾವಿ ಕಡೆಯ ಒಕ್ಕಲು ಮನೆಯವರು, ನಾನು ಧಾರವಾಡದ ಮಾಸ್ತರರ ಮಗಳು. ಎತ್ತನ್ನು ನಾನು ದೂರದಿಂದ ನೋಡಿದವಳೇ ಹೊರತು ಮುಟ್ಟಿದವಳಲ್ಲ. ಅವರಾದರೋ ಸುಗ್ಗಿಯಲ್ಲಿ ಎತ್ತಿನ ಚಕ್ಕಡಿ ಏರಿ ಬೆಳೆದವರು. ಹೊಲದಲ್ಲಿ ಚಕ್ಕಡಿಗೆ ಹೇರಿದ ಜೋಳದ ಕಣಿಕೆಯ ಮೇಲೆ ಅಡ್ಡಾದರೆ ಎಚ್ಚರವಾಗುವಾಗ ಮನೆಯ ಮುಂದಿರುತ್ತಿದ್ದರಂತೆ. ಆ ಸುಖವನ್ನು ಅವರು ಎಷ್ಟು ಸಲ ಹೇಳಿದ್ದರೆಂದರೆ ನನಗೇ ಆ ದಾರಿಯ ಧೂಳು ಕಾಣಿಸುತ್ತಿತ್ತು. ಇಲ್ಲಿ ಕಾರ್ಖಾನೆಯಲ್ಲಿ ದಿನವಿಡೀ ಕಬ್ಬಿಣ ಕೊರೆದು ಬರುವ ಮನುಷ್ಯನಿಗೆ ಇದ್ದ ಆಸೆ ಇದೊಂದೇ. ಬೇಡ ಎನ್ನಲು ನನಗೆ ಮನಸ್ಸಾಗಲಿಲ್ಲ.

ಎಳೆಯಲು ನಮ್ಮಲ್ಲಿದ್ದದ್ದು ಬೂದು ಬಣ್ಣದ ಮಿನಿವ್ಯಾನು. ಹುಟ್ಟಿದ ಮಗಳನ್ನು ಆಸ್ಪತ್ರೆಯಿಂದ ಮನೆಗೆ ತಂದದ್ದು ಅದೇ. ಅದರ ಹಿಂದೆ ಒಂದು ಕೊಂಡಿ ಹಾಕಿಸಿ, ಕೊಂಡಿಯ ಮೇಲೆ ಕಬ್ಬಿಣದ ಗುಂಡು ಕೂರಿಸಿದರು. ಟ್ರೇಲರಿನ ಮೂತಿ ಆ ಗುಂಡಿನ ಮೇಲೆ ಬಂದು ಕೂರಬೇಕು. ಸಾಮಾನು ತುಂಬುವಾಗ ಮಾತ್ರ ನನ್ನನ್ನು ಹತ್ತಿರ ಬಿಟ್ಟುಕೊಳ್ಳಲಿಲ್ಲ. ಜೋಳದ ಹಿಟ್ಟಿನ ಚೀಲ, ರೊಟ್ಟಿ ಹಂಚು, ನೀರಿನ ಕ್ಯಾನು, ನಾನು ಬಿಟ್ಟಿರಲಾರದ ಕುಟ್ಟುವ ಕಲ್ಲು, ಎಲ್ಲವನ್ನೂ ಹೊತ್ತೊಯ್ದು ಟ್ರೇಲರಿನ ಹಿಂಭಾಗಕ್ಕೆ ಒಟ್ಟಿದರು.

"ಎಲ್ಲಾ ಹಿಂದ ಯಾಕ್ರೀ?" ಎಂದೆ.

"ಮುಂದ ಭಾರ ಹಾಕಿದ್ರ ಎತ್ತಿನ ಹೆಗಲಿಗೆ ಬಿದ್ದಂಗ ಗಾಡಿ ಹೆಗಲಿಗೂ ಬೀಳತೈತಿ. ಪಾಪ, ಮದಲ ಸಣ್ಣ ಗಾಡಿ ಅದು," ಎಂದರು. ವ್ಯಾನಿನ ಬಾನೆಟ್ಟನ್ನು ಎರಡು ಸಲ ತಟ್ಟಿದರು.

ನಾನು ನಕ್ಕೆ. ಸರಿಯಾಗಿಯೇ ಇರಬೇಕು ಅಂದುಕೊಂಡೆ.

ನಾವು ಹೋಗಬೇಕಾಗಿದ್ದದ್ದು ಜಾರ್ಜಿಯನ್ ಬೇ ಎಂಬ ಸರೋವರದ ಕೊಲ್ಲಿಯ ದಂಡೆಗೆ. ಫೋರ್ ಹಂಡ್ರೆಡ್ ಹೆದ್ದಾರಿಯಲ್ಲಿ ಏರು ಬಂದಾಗಲೆಲ್ಲ ವ್ಯಾನು ಏದುಸಿರು ಬಿಟ್ಟಿತು. ಇಳಿಜಾರಿನಲ್ಲಿ ಟ್ರೇಲರು ಬಾಲ ಬೀಸತೊಡಗಿತು. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಪ್ರತಿ ಸಲ ಇನ್ನಷ್ಟು ಜೋರಾಗಿ. ವ್ಯಾನೂ ಅದರ ಜೊತೆ ತೂಗತೊಡಗಿತು. ಪಕ್ಕದ ಲಾರಿ ಉದ್ದಕ್ಕೂ ಹಾರ್ನ್ ಒತ್ತಿತು. "ಮಮ್ಮಿ, ವೈ ಇಸ್ ಇಟ್ ಡ್ಯಾನ್ಸಿಂಗ್?" ಎಂದಳು ಮಗಳು ಹಿಂದಿನ ಸೀಟಿನಿಂದ, ಖುಷಿಯಲ್ಲಿ. ಇವರು ವೇಗ ಇಳಿಸಿ, ಇಳಿಸಿ, ಕೊನೆಗೆ ರಸ್ತೆಯಂಚಿಗೆ ತಂದು ನಿಲ್ಲಿಸಿದರು.

ನಾನು ಇಳಿದು ಹುಲ್ಲಿನ ಮೇಲೆ ಕುಸಿದೆ. ಹೆದರಿಕೆ ಇಳಿದ ಮೇಲೆ ಸಿಟ್ಟು ಏರಿತು. ನನ್ನ ಸಿಟ್ಟು ಯಾವತ್ತೂ ಹಾಗೆಯೇ, ತಡವಾಗಿ ಬರುತ್ತದೆ, ಬಂದರೆ ಯಾರನ್ನೂ ನೋಡುವುದಿಲ್ಲ.

"ದೊಡ್ಡ ಗಾಡಿ ತರ್ರಿ, ಇಲ್ಲಾಂದ್ರ ಟ್ರೇಲರ್ ಮಾರಿಬಿಡ್ರಿ. ಈ ಮುದಿ ಎತ್ತನ್ನ ನಂಬಿ ನಾ ನನ್ನ ಮಗಳನ್ನ ಮತ್ತ ಕೂಡ್ಸೂದಿಲ್ಲ!"

ಅವರು ವ್ಯಾನಿನ ಬಾಗಿಲ ಮೇಲೆ ಕೈಯಿಟ್ಟು ನಿಂತೇ ಇದ್ದರು. ಆ ದಿನ ಬೇ ದಂಡೆ ಮುಟ್ಟದೆ ಮೆಲ್ಲಗೆ ಮನೆಗೆ ತಿರುಗಿದೆವು.

ಚಳಿಗಾಲವಿಡೀ ಟ್ರೇಲರಿನ ಮೇಲೆ ಹಿಮ ಕೂತಿತ್ತು. ಮಧ್ಯಾಹ್ನ ಅಡುಗೆಮನೆಯ ಕಿಟಕಿಯಿಂದ ಅದನ್ನು ನೋಡುತ್ತಿದ್ದರೆ ಯಾರದೋ ಕನಸನ್ನು ಹೊದಿಕೆ ಹೊದಿಸಿ ಮಲಗಿಸಿದಂತೆ ಅನಿಸುತ್ತಿತ್ತು. ಇವರು ಚಕ್ಕಡಿಯ ಸುದ್ದಿ ಎತ್ತುವುದನ್ನೇ ಬಿಟ್ಟಿದ್ದರು. ಅದು ನನ್ನನ್ನು ತಿನ್ನುತ್ತಿತ್ತು. ಟ್ರೇಲರು ಹೋದರೆ ಈ ಮನುಷ್ಯ ಇನ್ನೇನನ್ನೂ ಆಸೆಪಡಲಿಕ್ಕಿಲ್ಲ ಎಂಬ ಭಯ ಹುಟ್ಟಿತು. ಗಾಡಿ ನೋಡೋಣ ಬನ್ನಿ ಎಂದು ಕೊನೆಗೆ ಎಬ್ಬಿಸಿ ಹೊರಡಿಸಿದವಳು ನಾನೇ.

ವಸಂತದಲ್ಲಿ ಸ್ಟ್ರೀಟ್ಸ್‌ವಿಲ್ ಕಡೆಯ ಒಂದು ಅಂಗಡಿಯಲ್ಲಿ ಕಡು ನೀಲಿ ಪಿಕಪ್ ಟ್ರಕ್ಕು ಸಿಕ್ಕಿತು. ಎಷ್ಟು ಎತ್ತರವೆಂದರೆ ಸೀರೆಯುಟ್ಟು ಹತ್ತಲು ನನಗೆ ಮಗಳ ಕೈ ಬೇಕಾಯಿತು. ನಮ್ಮ ಟ್ರೇಲರಿನಂಥ ಎರಡನ್ನು ಎಳೆಯುವ ಶಕ್ತಿ ಅದಕ್ಕಿತ್ತು. ವ್ಯಾನನ್ನು ಬದಲಿಗೆ ಕೊಡುವುದೆಂದಾಯಿತು. ಕೀಲಿ ಕೊಡುವ ಮೊದಲು ಇವರು ಪಾನಾ ಹಿಡಿದು ವ್ಯಾನಿನ ಹಿಂದೆ ಕೂತರು, ಕೊಂಡಿಯ ಗುಂಡನ್ನು ಬಿಚ್ಚಿ ಕರವಸ್ತ್ರದಲ್ಲಿ ಸುತ್ತಿಕೊಂಡರು.

"ಎತ್ತು ಮಾರಿದ್ರೂ ಹಗ್ಗ ಕೊಡಬಾರದು ಅಂತಿದ್ದ ನಮ್ಮಪ್ಪ," ಎಂದರು.

ನಾನು ಆಗಲೂ ನಕ್ಕೆ.

ಹೊಸ ಟ್ರಕ್ಕಿಗೆ ಅದೇ ಗುಂಡು ಕೂರಿಸಿ, ಅದೇ ರೀತಿ ಹಿಂದಕ್ಕೇ ಭಾರ ತುಂಬಿ ಹೊರಟೆವು. ಏರಿನಲ್ಲಿ ಟ್ರಕ್ಕು ಉಸಿರೆತ್ತಲಿಲ್ಲ. ಆದರೆ ಇಳಿಜಾರಿನಲ್ಲಿ ಮತ್ತೆ ಆ ಬೀಸು, ಸಣ್ಣದಾಗಿ. ಇವರು ಮೆಲ್ಲಗೆ, ಬಲು ಮೆಲ್ಲಗೆ ಓಡಿಸಿದರು. ಬೇ ದಂಡೆ ತಲುಪುವ ತನಕ ನಾನು ಬಾಗಿಲ ಹಿಡಿಕೆ ಬಿಡಲಿಲ್ಲ.

ಅಲ್ಲಿ ಟ್ರೇಲರು ನಿಲ್ಲಿಸುವ ಬಯಲಿನಲ್ಲಿ ನಮ್ಮ ಪಕ್ಕದ ಜಾಗಕ್ಕೆ ಇಳಿದಿದ್ದವರು ಒಬ್ಬ ಸರ್ದಾರ್ಜಿ, ಬದುಕಿನುದ್ದಕ್ಕೂ ಲಾರಿ ಓಡಿಸಿ ನಿವೃತ್ತರಾದವರು. ನಮ್ಮ ಟ್ರೇಲರಿನ ಮೂತಿ ಮೇಲೆದ್ದಿದ್ದನ್ನು ಕಂಡು ಹತ್ತಿರ ಬಂದರು, ಒಳಗೆ ಇಣುಕಿದರು. "ಸಾರಾ ವಜನ್ ಪೀಛೆ ಕ್ಯೋಂ?" ಎಂದರು, ಭಾರವೆಲ್ಲ ಹಿಂದೆ ಯಾಕೆ ಅಂತ. ಇವರು ಮುರುಕು ಹಿಂದಿಯಲ್ಲಿ ಚಕ್ಕಡಿ, ಎತ್ತು, ಹೆಗಲು ಎಲ್ಲ ವಿವರಿಸಿದರು. ಸರ್ದಾರ್ಜಿ ನಗಲಿಲ್ಲ. ಅವರೂ ಊರಲ್ಲಿ ಎತ್ತಿನ ಗಾಡಿ ಹೂಡಿದವರೇ. "ಬೇಟಾ, ಯೇ ಬೈಲ್ ನಹೀ ಹೈ," ಎಂದರು ಮೃದುವಾಗಿ, ಇದು ಎತ್ತಲ್ಲ ಮಗನೇ ಅಂತ. ಟ್ರೇಲರಿನ ಭಾರ ಒಂದಿಷ್ಟು ಮುಂದೆ, ಗುಂಡಿನ ಮೇಲೆ ಕೂತರೇ ಅದು ನೆಟ್ಟಗೆ ಬರುವುದು, ಹಿಂದೆ ಹೆಚ್ಚಾದರೆ ಬಾಲ ಬೀಸುವುದು ಎಂದು ತಿಳಿಸಿ ಹೇಳಿದರು.

ಇವರು ಹಳೆಯ ವ್ಯಾನಿನ ಕಥೆ ಹೇಳಿ, ತಪ್ಪು ಅದರದ್ದಾ ಎಂದು ಕೇಳಿದರು. ವ್ಯಾನು ಚಿಕ್ಕದೇ, ಏರಿನಲ್ಲಿ ಇವತ್ತಲ್ಲ ನಾಳೆ ಸೋಲುತ್ತಿತ್ತು, ಕೊಟ್ಟದ್ದು ಒಳ್ಳೆಯದೇ ಆಯಿತು ಎಂದರು ಸರ್ದಾರ್ಜಿ. ಆದರೆ ಆ ದಿನ ಬಾಲ ಬೀಸಿದ್ದು ಭಾರ ಹೇರಿದ ರೀತಿಯಿಂದ.

ಮರಳುವ ದಿನ ಹಿಟ್ಟಿನ ಚೀಲ, ಕಲ್ಲು, ಎಲ್ಲವನ್ನೂ ಮುಂದಕ್ಕೆ ಸರಿಸಿದೆವು. ಹೆದ್ದಾರಿಗೆ ಬಂದ ಮೇಲೆ ಕನ್ನಡಿಯಲ್ಲಿ ಟ್ರೇಲರು ಅಲುಗದೆ ಹಿಂಬಾಲಿಸಿತು. ಇಕ್ಕೆಲದ ಹಸಿರು ಕರಗಿ ಒಂದಾಗುತ್ತಿತ್ತು, ಎಂಜಿನ್ನು ಒಂದೇ ಸ್ವರದಲ್ಲಿ ಗುನುಗುತ್ತಿತ್ತು, ನನ್ನ ಕೈ ತಾನಾಗಿ ಹಿಡಿಕೆ ಬಿಟ್ಟಿತು. ಕಣ್ಣು ಬಿಟ್ಟಾಗ ವಿಮಾನವೊಂದು ನಮ್ಮ ಸೂರಿನ ಮೇಲೆ ಇಳಿಯುತ್ತಿತ್ತು. ಮನೆಯ ಮುಂದಿದ್ದೆವು.

"ಎಂಥಾ ನಿದ್ದಿ ಮಾಡಿದಿ," ಎಂದರು ಇವರು. ಅವರ ಮುಖದಲ್ಲಿ ಸುಗ್ಗಿಯ ಹುಡುಗ ಒಂದು ಕ್ಷಣ ಕಂಡ. ಆಮೇಲೆ ಸ್ಟೀರಿಂಗ್ ನೋಡುತ್ತಾ, "ಆ ವ್ಯಾನಿಗೆ ಹಗರ ಆಗಲಿ ಅಂತ ಹಂಗ ಹೇರಿದ್ದೆ," ಎಂದರು. ರಸ್ತೆಯಂಚಿನಲ್ಲಿ ನಾನಾಡಿದ ಮಾತು ನೆನಪಾಯಿತು.

ಆಯುಧಪೂಜೆಯ ಖಂಡೇನವಮಿಗೆ ಟ್ರಕ್ಕು ತೊಳೆದು, ಗಾಲಿಗಳ ಕೆಳಗೆ ನಿಂಬೆಹಣ್ಣಿಟ್ಟೆವು. ಇವರು ತೆಂಗಿನಕಾಯಿ ಹಿಡಿದು ಮುಂದುಗಡೆ ಕಾಯುತ್ತಿದ್ದರು. ನಾನು ಕುಂಕುಮದ ಬಟ್ಟಲು ಹಿಡಿದು ಹಿಂದೆ ಹೋದೆ. ಹಳೆಯ ವ್ಯಾನಿನಿಂದ ಬಿಚ್ಚಿ ತಂದ ಆ ಕಬ್ಬಿಣದ ಗುಂಡಿಗೆ ಅರಿಶಿಣ ಕುಂಕುಮ ಹಚ್ಚಿದೆ, ಒಂದು ಹೂವಿಟ್ಟೆ.

"ತಪ್ಪಾತು," ಎಂದೆ. "ಮುದಿ ಎತ್ತು ಅನ್ನಬಾರದಿತ್ತು."

ಇವರು ಯಾವಾಗಲೋ ಹಿಂದೆ ಬಂದು ನಿಂತಿದ್ದರು. "ಅದಕ್ಕೆಲ್ಲಿ ಕೇಳಸತೈತಿ?" ಎಂದರು.

"ನಿಮಗ ಕೇಳಸ್ತಲ್ಲ," ಎಂದೆ.