ನಾಗಮ್ಮತ್ತೆಯ ಕಿವಿ

ನಾಗಮ್ಮತ್ತೆಯ ಮುಂದೆ ಗುಟ್ಟಿನ ಮಾತು ಆಡುವಂತಿರಲಿಲ್ಲ. ಆಕೆಯ ಬಾಯಿ ಸಡಿಲವೆಂದಲ್ಲ, ಕಿವಿ ಮಂದ. ಹತ್ತಿರ ಹೋಗಿ ಮೆಲ್ಲಗೆ ಏನಾದರೂ ಅಂದರೆ ಅಂಗೈಯನ್ನು ಕಿವಿಗೆ ಮೊರದ ಹಾಗೆ ಹಿಡಿದು, "ಏನಂದಿ? ಜೋರಾಗಿ ಹೇಳವಾ, ಕೇಳಸಂಗಿಲ್ಲ" ಎನ್ನುತ್ತಿದ್ದಳು. ನಾವು ಕೂಗಬೇಕು, ಕಮಲಾಪುರದ ಅರ್ಧ ಓಣಿ ಕೇಳಬೇಕು. ಕಿವಿ ಹೇಗೆ ಹೋಯಿತೆಂದು ಕೇಳಿದರೆ, "ರೊಟ್ಟಿ ಬಡದು ಬಡದು ಹೋಗ್ಯಾವ. ನಿಮ್ಮ ಮಾವ ಒಂದ್ ಬುಟ್ಟಿ ರೊಟ್ಟಿ ತಿಂತಿದ್ದ" ಎಂದು ತೀರಿಹೋದ ಗಂಡನ ಮೇಲೆ ಹೊರಿಸಿಬಿಡುತ್ತಿದ್ದಳು. ಆದರೆ ಹಿತ್ತಲಿನ ಕೆಂಪುಬಾಳೆಗೆ ಪಕ್ಕದ ಮನೆಯ ಖಾಜಾಬಿಯ ಆಡು ಬಾಯಿ ಹಾಕಿದರೆ, ಒಲೆಯ ಮುಂದೆ ಕೂತ ಅತ್ತೆ ಎಲ್ಲರಿಗಿಂತ ಮೊದಲು ಕೋಲು ಹಿಡಿದು ಏಳುತ್ತಿದ್ದಳು. ಇದು ಹೇಗೆ ಎಂದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಆಕೆ ನನ್ನ ಅಪ್ಪನ ಅಕ್ಕ. ಅಪ್ಪ ಕಲಬುರ್ಗಿಯ ಕಚೇರಿಯಲ್ಲಿ ಗುಮಾಸ್ತ. ದಿನವಿಡೀ ಉರ್ದು ಬರೆದು ಮನೆಗೆ ಬರುವಷ್ಟರಲ್ಲಿ ಅವನಲ್ಲಿ ಮಾತೇ ಉಳಿದಿರುತ್ತಿರಲಿಲ್ಲ. ಚಿಕ್ಕವಳಿದ್ದಾಗ ನನ್ನನ್ನು ಹೆಗಲ ಮೇಲೆ ಹೊತ್ತು ತಿರುಗಿದವನು ನಾನು ದೊಡ್ಡವಳಾದ ಮೇಲೆ ನೇರ ಮಾತು ನಿಲ್ಲಿಸಿಬಿಟ್ಟ. ನಾನು ಎದುರಿಗೇ ಕೂತಿದ್ದರೂ ಅವ್ವನಿಗೆ, "ಆಕಿಗಿ ಉಣ್ಣಂತ ಹೇಳು" ಎನ್ನುತ್ತಿದ್ದ. ನಾನೂ ಅವ್ವನ ಕಡೆ ತಿರುಗಿ, "ಅಪ್ಪಗ ಹಸಿವಿಲ್ಲ ಅಂತ ಹೇಳವ್ವ" ಎನ್ನುತ್ತಿದ್ದೆ. ಬೆಳೆದ ಮಗಳೊಂದಿಗೆ ಹೆಚ್ಚು ಮಾತಾಡದಿರುವುದೇ ಮರ್ಯಾದೆ ಎಂದು ಅವನು ತಿಳಿದಿದ್ದ. ನನಗೆ ಅದು ಸಿಟ್ಟೆಂದು ಕಾಣುತ್ತಿತ್ತು.

ರಜಾಕಾರರ ಗಲಾಟೆ ಹೆಚ್ಚಾದಾಗ ಹಳ್ಳಿಯೇ ಮೇಲೆಂದು ಕೆಲವರು, ಪಟ್ಟಣವೇ ಮೇಲೆಂದು ಕೆಲವರು ಹೇಳುತ್ತಿದ್ದರು. ಅಪ್ಪ ಅಕ್ಕನ ಮನೆಯನ್ನು ನಂಬಿದ. ನನ್ನನ್ನು ಶಾಲೆ ಬಿಡಿಸಿ ಕಮಲಾಪುರದಲ್ಲಿ ಬಿಟ್ಟುಬಂದ. ದಾರಿಯುದ್ದಕ್ಕೂ ಬಸ್ಸಿನಲ್ಲಿ ಅವನೂ ತುಟಿ ಬಿಚ್ಚಲಿಲ್ಲ, ನಾನೂ ಬಿಚ್ಚಲಿಲ್ಲ. ಮಾತು ದಾಟಿಸಲು ಅವ್ವ ಜೊತೆಗಿರಲಿಲ್ಲವಲ್ಲ.

ಪೊಲೀಸ್ ಆ್ಯಕ್ಷನ್ ಮುಗಿದು ಶಾಲೆಗಳು ಮತ್ತೆ ತೆರೆದ ಸುದ್ದಿ ಬಂತು. ಅದರ ಹಿಂದೆಯೇ ಅಪ್ಪನೂ ಬಂದ. ನನ್ನನ್ನು ಕರೆದೊಯ್ಯಲು ಬಂದಿದ್ದಾನೆಂದು ಬಟ್ಟೆಗಳನ್ನು ಗಂಟು ಕಟ್ಟಿಟ್ಟೆ. ಊಟಕ್ಕೆ ಕೂತವನು ಅತ್ತೆಗೆ ಕೇಳಲೆಂದು ಸ್ವಲ್ಪ ದನಿ ಏರಿಸಿ, "ಆಕಿ ಇಲ್ಲೇ ಇರಲಿ ಬಿಡಕ್ಕಾ. ಆಕಿಗಿ ಇಲ್ಲೇ ಛಲೋ ಅನಸ್ತದ" ಅಂದ. ಬಾಗಿಲ ಹಿಂದೆ ನಿಂತಿದ್ದ ನಾನು ಬಟ್ಟೆಯ ಗಂಟನ್ನು ಮೂಲೆಗೆ ತಳ್ಳಿದೆ. ಅವನು ಉಂಡು ಹೊರಗಿನ ಕಟ್ಟೆಗೆ ಹೋಗಿ ಕೂತ.

ಅತ್ತೆ ರೊಟ್ಟಿ ಬಡಿಯುತ್ತಲೇ ನನ್ನ ಮುಖ ನೋಡಿದಳು. "ಯಾಕವಾ, ಮಾರಿ ಸಣ್ಣದಾಗ್ಯಾದ?"

"ನಾ ಸಾಲಿಗಿ ಹೋಗ್ಬೇಕತ್ತಿ" ಎಂದೆ, ಪಿಸುದನಿಯಲ್ಲಿ.

"ಏನಂದಿ? ಜೋರಾಗಿ ಹೇಳು."

ಇನ್ನೊಮ್ಮೆ ಹೇಳಿದೆ. ಮತ್ತೆ ಅಂಗೈ ಕಿವಿಗೆ ಹೋಯಿತು. ನನಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದವು. "ನಾ ಕಲಬುರ್ಗಿಗಿ ಹೋಗ್ಬೇಕು! ಸಾಲಿ ಕಲೀಬೇಕು! ಅಪ್ಪಗ ನಾ ಬ್ಯಾಡಾಗೀನಿ!" ಎಂದು ಕಿರುಚಿಬಿಟ್ಟೆ.

ಕಟ್ಟೆಯ ಮೇಲಿದ್ದ ಅಪ್ಪ ಎದ್ದು ಬಂದು ಅಡುಗೆಮನೆಯ ಹೊಸ್ತಿಲಲ್ಲಿ ನಿಂತ. ನನ್ನನ್ನು ನೋಡಲಿಲ್ಲ. "ಆಕಿಗೇ ನಾ ಬ್ಯಾಡಾಗೀನಿ ಅಂತ ತಿಳದಿದ್ದೆ ಅಕ್ಕಾ. ಬಿಟ್ಟು ಹೋಗೋ ದಿನ ಬಸ್ಸಿನ್ಯಾಗ ಒಂದ್ ಮಾತ್ ಆಡಲಿಲ್ಲ."

"ಏನಂದಿ ತಮ್ಮಾ? ಕೇಳಸಂಗಿಲ್ಲ."

ಎಂದೂ ದನಿ ಎತ್ತದ ನನ್ನ ಅಪ್ಪ ಅಂದು ಕೂಗಿದ. "ಆಕಿ ಇಲ್ದ ಮನಿ ಬಣಬಣ ಅನ್ನಾಕತ್ತದ ಅಕ್ಕಾ!" ಕೊನೆಗೆ ಅವನ ದನಿ ಒಡೆಯಿತು.

ಗೋಡೆಯಾಚೆಯಿಂದ ಖಾಜಾಬಿ, "ಕ್ಯಾ ಹುವಾ ನಾಗಮ್ಮಾ?" ಎಂದಳು. ಅತ್ತೆ ತಟ್ಟನೆ, "ಏನಿಲ್ಲ ತಗೀ, ತಂದಿ ಮಗಳು ಮಾತಾಡಾಕತ್ತಾರ" ಅಂದಳು. ಕಿವಿಗೆ ಕೈ ಹೋಗಲಿಲ್ಲ, ಜೋರಾಗಿ ಹೇಳು ಅನ್ನಲೂ ಇಲ್ಲ. ನಾನು ಅಳುವುದನ್ನು ಮರೆತು ಆಕೆಯ ಮುಖವನ್ನೇ ನೋಡಿದೆ.

ಮರುದಿನ ಹೊರಡುವಾಗ ಕಾಲಿಗೆ ಬಿದ್ದು, "ಅತ್ತೀ, ನಿನಗ ಎಲ್ಲಾ ಕೇಳಸ್ತದ" ಎಂದು ಪಿಸುಗುಟ್ಟಿದೆ.

"ಸುಮ್ನ ನಡಿ, ಬಸ್ ಹೊಂಟದ" ಎಂದಳು ಅತ್ತೆ, ಅಷ್ಟೇ ಮೆಲ್ಲಗೆ.

ಬಸ್ಸಿನಲ್ಲಿ ಅಪ್ಪ ನನ್ನ ಕಡೆಗೇ ತಿರುಗಿ, ಕಿವುಡಿಯನ್ನು ಕೇಳುವ ಹಾಗೆ, "ಹಸಿವಾಗ್ಯಾದೇನು?" ಎಂದು ಜೋರಾಗಿ ಕೇಳಿದ. ಜನ ತಿರುಗಿ ನೋಡಿದರು. ನಾನೂ "ಹೂಂ ಅಪ್ಪಾ" ಎಂದು ಕೂಗಿದೆ. ಅತ್ತೆ ಕಟ್ಟಿಕೊಟ್ಟ ಬಾಳೆಹಣ್ಣು ಸುಲಿದು ಇಬ್ಬರೂ ತಿಂದೆವು. ಅಷ್ಟು ಸಂತೋಷದ ಪ್ರಯಾಣ ನನಗೆ ಇನ್ನೊಂದು ನೆನಪಿಲ್ಲ.

ಎಷ್ಟೋ ವರ್ಷಗಳ ಮೇಲೆ, ಅತ್ತೆಯನ್ನು ಕೊನೆಯ ಸಲ ನೋಡಲು ಹೋದಾಗ ಜೊತೆಗೆ ನನ್ನ ಮಗನಿದ್ದ. ಮೀಸೆ ಚಿಗುರುವ ವಯಸ್ಸು. ಮನೆಯಲ್ಲಿ ನನ್ನ ಪ್ರಶ್ನೆಗಳಿಗೆ ಅವನ ಉತ್ತರವೆಂದರೆ ಬಾಗಿಲು ಮುಂದೆ ಮಾಡಿಕೊಳ್ಳುವುದು. ಇಲ್ಲಿಯೂ ಒಳಗೆ ಬರದೆ ಕಟ್ಟೆಯ ಮೇಲೆ ಕೂತ. ಹಿತ್ತಲಲ್ಲಿ ಯಾರದೋ ಆಡು ಬಾಳೆ ಎಲೆಯನ್ನು ಪರಪರ ಹರಿದು ತಿನ್ನುತ್ತಿತ್ತು. ಅತ್ತೆ ಏಳಲಿಲ್ಲ, ತಲೆ ಕೂಡ ತಿರುಗಿಸಲಿಲ್ಲ. ನಾನೇ ಹೋಗಿ ಆಡನ್ನು ಅಟ್ಟಿ ಬಂದು ಆಕೆಯ ಮಗ್ಗುಲಲ್ಲಿ ಕೂತೆ.

"ಮಗ ಹ್ಯಾಂಗದಾನವಾ?" ಎಂದು ಕೇಳಿದಳು.

"ನನ್ನ ಜೋಡಿ ಮಾತೇ ಆಡಂಗಿಲ್ಲ ಅತ್ತೀ" ಎಂದೆ ಮೆಲ್ಲಗೆ. ಅಂಗೈ ಕಿವಿಗೆ ಹೋಯಿತು. ಈ ಸಲ ಅದು ನಿಜ.

ಕೂಗಿದೆ. ಓಣಿಗೆಲ್ಲ ಕೇಳುವಂತೆ ಕೂಗಿದೆ.

ಕಟ್ಟೆಯಿಂದ ಮಗ ದಡಬಡ ಒಳಗೆ ಬಂದ. "ಅಜ್ಜೀ, ನಾ ಹೇಳೋದು ಅವ್ವ ಎಲ್ಲಿ ಕೇಳ್ತಾಳ? ಬರೀ ತಾನೇ ಹೇಳ್ತಾಳ!" ಎಂದು, ಒಡೆಯುತ್ತಿದ್ದ ಹೊಸ ಗಂಡುದನಿಯಲ್ಲಿ ಕೂಗಿ, ಆಕೆಯ ಇನ್ನೊಂದು ಮಗ್ಗುಲಿಗೆ ಕೂತುಬಿಟ್ಟ.

ಅತ್ತೆಗೆ ಅದೂ ಕೇಳಿಸಲಿಲ್ಲ. ನಮ್ಮಿಬ್ಬರ ಮುಖ ನೋಡಿ ಬೊಚ್ಚುಬಾಯಲ್ಲಿ ನಕ್ಕು, "ಜೋರಾಗಿ, ಇನ್ನೂ ಜೋರಾಗಿ" ಅಂದಳು.