ಅಲ್ಸೀಡನ ಚಡ್ಡಿ ಮಾಸ್ಕ್

ಕೊರೊನಾ ಬಂದ ವರ್ಷ ಲೂಯಿಸಿಯಾನಾದ ನಮ್ಮ ಜೈಲಿನ ಹೊಲಿಗೆ ಕೋಣೆಯಲ್ಲಿ ಅಲ್ಸೀಡ್ ಬತೀಸ್ತ್ ಬೇಸಿಗೆಯಿಡೀ ಮಾಸ್ಕ್ ಹೊಲಿದ. ಎಲ್ಲವೂ ಕಾವಲುಗಾರರಿಗೆ, ಹೊರಗಿನವರಿಗೆ. ಹೊಲಿದವನ ಮೂಗಿಗೆ ಒಂದು ಚಿಂದಿಯೂ ಇಲ್ಲ. ಬಿಳಿಯ ಕೈದಿಗಳಲ್ಲಿ ಹೆಚ್ಚಿನವರಿಗೆ ಇಬ್ಬಿಬ್ಬರ ಕೋಣೆ ಸಿಕ್ಕಿತ್ತು. ಕರಿಯರಾದ ನಾವು ಉದ್ದನೆಯ ಹಾಲ್‌ನಲ್ಲಿ ಒಬ್ಬರ ಕೆಮ್ಮನ್ನು ಇನ್ನೊಬ್ಬರು ಉಸಿರಾಡುತ್ತ ಮಲಗುತ್ತಿದ್ದೆವು. ಅಲ್ಸೀಡನ ಪಕ್ಕದ ಮಂಚದ ಮುದುಕ ಎಮೀಲ್ ಜ್ವರದಿಂದ ಸತ್ತ ಮರುದಿನ, ಅಲ್ಸೀಡ್ ಜೈಲಿನವರು ಕೊಟ್ಟ ಚಡ್ಡಿಯನ್ನೇ ಕತ್ತರಿಸಿ ಮಾಸ್ಕ್ ಮಾಡಿಕೊಂಡು ಊಟದ ಸಾಲಿಗೆ ಬಂದ.

"ಏಯ್, ಸರ್ಕಾರಿ ಸ್ವತ್ತು ಹಾಳು ಮಾಡಿದ್ದೀಯ! ತೆಗಿಯೋ ಅದನ್ನ!" ಎಂದು ಬಿಳಿಯ ಕಾವಲುಗಾರ ಲ್ಯಾಂಡ್ರಿ ಗದರಿದ. ಅವನ ಮುಖದ ಮೇಲಿದ್ದದ್ದೂ ಅಲ್ಸೀಡ್ ಹೊಲಿದ ಮಾಸ್ಕೇ.

"ಹಾಳಾಗಿಲ್ಲ ಸಾಹೇಬ್ರೇ, ಜಾಗ ಬದಲಾಗಿದೆ ಅಷ್ಟೇ. ಬೇಕಾದ್ರೆ ಇದನ್ನ ನೀವು ತಗೊಂಡು ನಿಮ್ಮದನ್ನ ನನಗೆ ಕೊಡಿ. ಒಗೆದು ಬಹಳ ದಿನ ಆಯ್ತು, ಮೊದಲೇ ಹೇಳ್ಬಿಡ್ತೀನಿ."

ಸಾಲಿಗೆ ಸಾಲೇ ಬಿದ್ದು ಬಿದ್ದು ನಕ್ಕಿತು. ನಕ್ಕವರಲ್ಲಿ ಅರ್ಧ ಜನ ಕೆಮ್ಮಿದರು. ಲ್ಯಾಂಡ್ರಿ ಗೋಡೆಯವರೆಗೆ ಹಿಂದೆ ಸರಿದ.

ಅಲ್ಸೀಡನಿಗೆ ಒಂಟಿ ಕೋಣೆಯ ಶಿಕ್ಷೆಯಾಯಿತು. "ಬಿಳಿಯರ ಹಾಗೆ ಬಾಗಿಲಿರೋ ಕೋಣೆ ಸಿಕ್ತು ಕಣ್ರೋ!" ಎಂದು ಕೂಗುತ್ತಲೇ ಹೋದ. ಅದರಿಂದಲೇ ಬದುಕಿದನೋ ಏನೋ. ಮರಳಿ ಬಂದಾಗ ಅವನ ಇನ್ನೊಂದು ಪಕ್ಕದ ಮಂಚವೂ ಖಾಲಿಯಾಗಿತ್ತು. ಜೈಲರನ ಏಳು ತಲೆಮಾರನ್ನೂ ಬಾಯ್ತುಂಬ ಬೈದ, ಆಮೇಲೆ ಗೋಡೆಗೆ ಮುಖ ಮಾಡಿ ಅತ್ತ.