ಹೆಜ್ಜೆ ಅಳೆಯುತ್ತಿದ್ದ ಶಂಕ್ರಪ್ಪ ಮಾವ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಶಂಕ್ರಪ್ಪ ಮಾವ ನೂಲನ್ನು ಎಡಗೈಗೆ ಸುತ್ತಿಕೊಳ್ಳುತ್ತಿದ್ದನೋ ಬಲಗೈಗೋ, ಪುರ್ತಗೇರಿಗೆ ಹೋದ ದಿನ ರವಿವಾರವಾಗಿತ್ತೋ ಅಥವಾ ಶಾಲೆಗೆ ಬೇರೇನೋ ಸೂಟಿಯಿತ್ತೋ, ಈಗ ಖಚಿತವಿಲ್ಲ. ಆದರೆ ಅವನು ಹೊಲದ ಕೆಸರಿನಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ಪ್ರಾಣಿಯ ಹೆಜ್ಜೆಯ ಮೇಲೆ ನೂಲು ಹಿಡಿದು, ಸುತ್ತ ನಿಂತವರ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದ ರೀತಿಯನ್ನು ನಾನು ಕಟ್ಟಿ ಹೇಳುತ್ತಿಲ್ಲ. ಹೆಜ್ಜೆಗಿಂತ ಮುಖಗಳ ಮೇಲೆಯೇ ಅವನಿಗೆ ಹೆಚ್ಚು ಸಂಶಯ.

ಮಾವ ಗಜೇಂದ್ರಗಡದಲ್ಲಿ ಕೈಮಗ್ಗದ ಸೀರೆ ನೇಯುತ್ತಿದ್ದ. ಹೊಲವಿಲ್ಲ, ದನವಿಲ್ಲ. ಅದಕ್ಕಾಗಿಯೇ ಸುತ್ತಲಿನ ಹಳ್ಳಿಗಳಲ್ಲಿ ಬೆಳೆಯನ್ನು ಯಾವ ಪ್ರಾಣಿ ತಿಂದಿತು ಎಂಬ ಜಗಳ ಎದ್ದರೆ ಅವನನ್ನು ಕರೆಯುತ್ತಿದ್ದರು. ಯಾರ ಕಡೆಗೂ ವಾಲಬೇಕಾದ ಕಾರಣ ಅವನಿಗಿಲ್ಲ ಎಂಬ ನಂಬಿಕೆ. ಹೋಗುವಾಗ ಮಗ್ಗದಿಂದ ಒಂದು ಎಳೆ ಹರಿದುಕೊಳ್ಳುತ್ತಿದ್ದ. ಹೆಜ್ಜೆಯ ಉದ್ದಕ್ಕೆ ಒಂದು ಗಂಟು, ಅಗಲಕ್ಕೆ ಒಂದು, ಹೆಜ್ಜೆಯಿಂದ ಹೆಜ್ಜೆಗೆ ಇರುವ ಅಂತರಕ್ಕೆ ಇನ್ನೊಂದು. ಚಿಕ್ಕಂದಿನಲ್ಲಿ ಕುರಿಗಾರರ ಹಿಂದೆ ತಿರುಗಿ ಕಲಿತೆ ಎನ್ನುತ್ತಿದ್ದ. ಅವನ ಹೆಂಡತಿ ನೀಲವ್ವತ್ತೆ ಮಾತ್ರ, "ಕುರಿ ಕಂಡ್ರ ಅಂಜತಿದ್ದ ಮನಶ್ಯಾ ಇವ" ಎಂದು ಒಳಗಿನಿಂದಲೇ ಹೇಳುತ್ತಿದ್ದಳು.

ಪುಸ್ತಕಗಳಲ್ಲಿ ಕೃಷ್ಣಮೃಗ ಎಂದು ಬರೆಯುವ ಪ್ರಾಣಿಗೆ ನಮ್ಮ ಕಡೆ ಚಿಗರಿ ಎನ್ನುತ್ತಾರೆ. ರೋಣ, ನರಗುಂದದ ಕಪ್ಪು ಮಣ್ಣಿನ ಎರೆಹೊಲಗಳಲ್ಲಿ ಅವುಗಳ ಹಿಂಡುಗಳಿವೆ. ಬೆಳೆ ಕಳೆದುಕೊಂಡವರ ಬಾಯಲ್ಲಿ ಅವು ಬೆಳೆಯುತ್ತ ಹೋಗುತ್ತವೆ. ಚಿಕ್ಕನರಗುಂದದ ಸಾವಕಾರರೊಬ್ಬರು ತಮ್ಮ ಗೋವಿನಜೋಳಕ್ಕೆ ಬಿದ್ದದ್ದು ಚಿಗರಿಯೇ ಅಲ್ಲ, ಇನ್ನೇನೋ ಎಂದು ಹಟ ಹಿಡಿದಿದ್ದರು.

"ಕುದುರಿಯಷ್ಟ ಇತ್ತ್ರೀ! ಕಣ್ಣಾರೆ ನೋಡೇನಿ."

"ಎಷ್ಟ ಎತ್ತರ, ಕೈ ಮಾಡಿ ತೋರಸ್ರಿ."

ಸಾವಕಾರರು ಎದೆಯ ಮಟ್ಟಕ್ಕೆ ಕೈ ಹಿಡಿದರು. ಮಾವ ಪೈರಿನ ಕಚ್ಚಿದ ತುದಿಗಳನ್ನು ನೋಡಿದ. ಎಲ್ಲವೂ ಮೊಣಕಾಲಿನ ಎತ್ತರಕ್ಕಿದ್ದವು.

"ಹಂಗಾದ್ರ ನಿಮ್ಮ ಕುದುರಿ ಮೊಣಕಾಲೂರಿ ಉಂಡೈತೇನ್ರಿ ಸಾವಕಾರ್ರ? ಗಂಡು ಚಿಗರಿ ಭುಜಕ್ಕ ಮೂರೂವರಿ ಗೇಣು, ಅಷ್ಟ. ಕೊಂಬು ಸೇರಿಸಿ ಅಳೀಬ್ಯಾಡ್ರಿ. ಆಮ್ಯಾಲೆ ನಿಮ್ಮನ್ನ ರುಮಾಲ ಸೇರಿಸಿ ಅಳೀಬೇಕಾಕ್ಕೈತಿ."

ನೆರೆದವರು ನಕ್ಕರು. ಸಾವಕಾರರೂ ನಕ್ಕರೆಂದು ನನ್ನ ನೆನಪು. ಅದನ್ನು ನಂಬಲು ನನಗೇ ಮನಸ್ಸಿಲ್ಲ.

ನಾನು ಶಾಲೆಗಾಗಿ ಮಾವನ ಮನೆಯಲ್ಲಿದ್ದೆ. ಅವನ ಹಳೆಯ ಲೂನಾದ ಹಿಂದೆ ಕುಳಿತು ಹೋಗುತ್ತ ಎರಡು ಪಾಠ ಕಲಿತೆ. ಒಂದು ಹಿಕ್ಕೆಯದು. "ಕುರಿ ನಡಕೋತ ಉದುರಿಸ್ತೈತಿ. ಗಂಡು ಚಿಗರಿ ಹಂಗಲ್ಲವಾ. ದಿನಾ ಬಂದು ಒಂದಽ ಜಾಗಾದಾಗ ಗುಂಪಿ ಹಾಕ್ತೈತಿ. ಅದಽ ಅದರ ಹೊಲದ ಉತಾರ, ಹಕ್ಕಿನ ಕಾಗದ. ಉಳಿದ ಗಂಡು ಬಂದು ಮೂಸಿ ನೋಡಿ, ಇದು ಮಂದಿ ಜಾಗಾ ಅಂತ ತಿಳಕೋತಾವ." ಇನ್ನೊಂದು ಮಣ್ಣಿನದು. "ಹಸಿ ಎರಿಯೊಳಗ ಹೆಜ್ಜಿ ನಂಬಬ್ಯಾಡ. ಗೊರಸು ಹರವಾಗ್ತಾವ, ಮಣ್ಣು ಕಿತ್ತ ಬರ್ತೈತಿ. ಸಣ್ಣದು ದೊಡ್ಡದಾಗಿ ಕಾಣ್ತೈತಿ."

ಪುರ್ತಗೇರಿಯ ಹಣಮಪ್ಪನ ಹೆಸರುಕಾಳಿನ ಹೊಲಕ್ಕೆ ಕರೆ ಬಂದಾಗ ನಾನು ಏಳನೆಯ ತರಗತಿಯಲ್ಲಿದ್ದೆ. ಹಿಂದಿನ ದಿನ ಮಳೆಯಾಗಿತ್ತು. ಹೊಲದ ಒಂದು ಮೂಲೆ ಬೋಳಾಗಿತ್ತು. ಪಕ್ಕದ ಹೊಲದ ಗಂಗವ್ವ ಗಂಡ ಸತ್ತವಳು, ಒಂದು ಕೆಂಪು ಮಣಕ ಸಾಕಿದ್ದಳು. ಆ ಎಳೆಯ ಆಕಳೇ ನುಗ್ಗಿ ತಿಂದಿದೆ ಎಂದು ಹಣಮಪ್ಪ, ಚಿಗರಿ ತಿಂದಿವೆ ಎಂದು ಗಂಗವ್ವ.

"ಮಣಕ ಅಂದ್ರ ಮಣಕ ಅನ್ರಿ ಶಂಕ್ರಪ್ಪ. ಚಿಗರಿ ಅಂದ್ರ ಚಿಗರಿ ಅನ್ರಿ, ಇವತ್ತಽ ಉರುಲು ಹಾಕಸ್ತೇನಿ, ಒಂದೂ ಉಳೀಬಾರದು" ಎಂದ ಹಣಮಪ್ಪ. ಅವನ ಕೈಯಲ್ಲಿ ತಂತಿಯ ಸುರುಳಿ ಇತ್ತು. ಅಥವಾ ಆ ಸುರುಳಿಯನ್ನು ನಾನು ಆಮೇಲೆ ನೆನಪಿನಲ್ಲಿ ಅವನ ಕೈಗೆ ಕೊಟ್ಟೆನೋ ತಿಳಿಯದು. ಮಾತು ಮಾತ್ರ ಅದೇ.

ಮಾವ ಕುಳಿತು ನೂಲು ಹಿಡಿದ. ನಾನು ಬದುವಿನ ಕಡೆ ಹೋದೆ. ಅಲ್ಲಿ ಹಿಕ್ಕೆಯ ಗುಂಪಿ ಇತ್ತು. ಕೆಳಗೆ ಹಳೆಯದು ಮಳೆಗೆ ಕರಗಿತ್ತು, ಮೇಲೆ ಹೊಸದು ಹೊಳೆಯುತ್ತಿತ್ತು. ಕಲಿತದ್ದನ್ನು ಒಪ್ಪಿಸುವ ಉಮೇದಿನಲ್ಲಿ ಕೂಗಿದೆ:

"ಮಾವಾ, ಇಲ್ಲಿ ಗುಂಪಿ ಐತಿ!"

ಅವನು ತಲೆ ಎತ್ತಲಿಲ್ಲ. "ಕುರಿ ಹಾದಾವ. ಈ ಕಡೆ ಬಾ."

ನಂತರ ಎದ್ದು, ಮೊಣಕಾಲಿನ ಕೆಸರು ಒರೆಸಿಕೊಂಡು, "ಮಣಕದ ಹೆಜ್ಜಿ" ಎಂದ.

"ಶಂಕ್ರಪ್ಪಣ್ಣ, ನನ್ನ ಮಾರಿ ನೋಡಿ ಹೇಳ್ರಿ" ಎಂದಳು ಗಂಗವ್ವ. "ಕಣ್ಣಿ ಬಿಚ್ಚಿಲ್ಲರಿ ನಾ. ನನ್ನ ಮಣಕ ರಾತ್ರಿಯೆಲ್ಲ ಗೂಟದಾಗಽ ಇತ್ತು."

ಎಲ್ಲರ ಮುಖ ನೋಡುವ ಮಾವ ಅಂದು ನೂಲನ್ನಷ್ಟೇ ನೋಡಿದ.

ಊರವರು ಗಂಗವ್ವನ ಮಣಕವನ್ನು ತಮ್ಮ ಬದುವಿನ ಮೇಲೆ ಹಾಯಗೊಡಲಿಲ್ಲ. ಅವಳ ಬಾಯಿಗೂ ಬೆಲೆ ಹೋಯಿತು. ಏನು ಹೇಳಿದರೂ "ಕಣ್ಣಿ ಬಿಚ್ಚಿಲ್ಲರಿ" ಎಂದು ಅಣಕಿಸುತ್ತಿದ್ದರಂತೆ. ದೀಪಾವಳಿಯ ಹೊತ್ತಿಗೆ ಅವಳು ಮಣಕವನ್ನು ಮಾರಿ, ಹೊಲವನ್ನು ಪಾಲಿಗೆ ಕೊಟ್ಟು, ಇಟಗಿಯ ತವರಿಗೆ ಹೋದಳು. ಸುದ್ದಿ ಬಂದ ದಿನ ಮಾವ ಮಗ್ಗದ ಮುಂದೆ ಕುಳಿತೇ ಇದ್ದ. ಲಾಳಿಯ ಸದ್ದು ಮಾತ್ರ ಕೇಳಲಿಲ್ಲ. ಆಮೇಲೆ ಯಾರು ಕರೆದರೂ, "ಕಣ್ಣು ಮಂಜಾಗ್ಯಾವ" ಎಂದು ಕಳಿಸಿಬಿಡುತ್ತಿದ್ದ. ಅದೇ ಕಣ್ಣಿನಲ್ಲಿ ಸೀರೆಯ ಅಂಚಿನಲ್ಲಿ ತಪ್ಪಿದ ಒಂದು ಎಳೆಯನ್ನು ಕಂಡುಹಿಡಿಯುತ್ತಿದ್ದ.

ಅವನು ಹಸಿ ಎರೆಗೆ ಮೋಸಹೋಗಿರಬಹುದು ಎಂದು ವರ್ಷಗಟ್ಟಲೆ ನನಗೆ ನಾನೇ ಹೇಳಿಕೊಂಡೆ. ಧಾರವಾಡದಲ್ಲಿ ಓದುವಾಗ, ನೆನಪು ಸಾಕ್ಷಿಯಲ್ಲ, ನಾವು ಬೇಕಾದಂತೆ ಮತ್ತೆ ಮತ್ತೆ ಬರೆಯುವ ಕಾಗದ ಎಂದು ಟಿಪ್ಪಣಿ ಮಾಡಿಕೊಂಡು ಸಮಾಧಾನಪಟ್ಟೆ. ಆದರೆ ಹಸಿ ಎರೆಯನ್ನು ನಂಬಬೇಡ ಎಂದವನೇ ಅವನು. ಕುರಿ ಗುಂಪಿ ಹಾಕುವುದಿಲ್ಲ ಎಂದವನೂ ಅವನೇ. ಚಿಗರಿಯ ಹಿಂಡನ್ನು ಉಳಿಸಲು ಒಬ್ಬ ಹೆಂಗಸನ್ನು ಸುಳ್ಳುಗಾತಿ ಮಾಡಿದನೇ? ಈ ಅನುಮಾನ ಬಂದಾಗಲೆಲ್ಲ ನನ್ನ ಮೇಲೆಯೇ ಇನ್ನೊಂದು ಹುಟ್ಟುತ್ತದೆ. ಗುಂಪಿ ಕಂಡವಳು ನಾನು. ಎರಡನೆಯ ಸಲ ಏಕೆ ಕೂಗಲಿಲ್ಲ?

ಹೋದ ವರ್ಷ ದವಾಖಾನೆಯಿಂದ ಅವನನ್ನು ಕರೆತರುವಾಗ, ರೋಣದ ರಸ್ತೆಯಲ್ಲಿ ಕಾರು ನಿಲ್ಲಿಸು ಎಂದ. ಕಡಲೆ ಹೊಲದಾಚೆ ಹಿಂಡು ನಿಂತಿತ್ತು. ಒಂದು ಕಪ್ಪು ಗಂಡು ಕೊಂಬನ್ನು ಬೆನ್ನಿಗೆ ಒರಗಿಸಿ, ಮೂಗೆತ್ತಿ, ಹೆಣ್ಣುಗಳ ಸುತ್ತ ಬಿಂಕದಿಂದ ನಡೆಯುತ್ತಿತ್ತು. ಮಾವ ಬಹಳ ಹೊತ್ತು ಎಣಿಸಿದ.

"ಚಲೋ ಉಳದಾವ" ಎಂದ.

ಕೇಳಬೇಕಾದದ್ದು ನಾಲಗೆಯ ತುದಿಗೆ ಬಂದಿತ್ತು. ಅವನೂ ನನ್ನತ್ತ ತಿರುಗಿದ. ಮುಖಗಳನ್ನು ನೋಡುವ ಅದೇ ನೋಟ. ಆದರೆ ಈ ಸಲ ಯಾರು ಯಾರನ್ನು ಪರೀಕ್ಷಿಸುತ್ತಿದ್ದೆವೋ ಗೊತ್ತಿಲ್ಲ. "ಲಗೂ ಹೋಗೂಣು, ನಿಮ್ಮತ್ತಿ ಹಾದಿ ನೋಡ್ತಿರತಾಳ" ಎಂದ. ನಾನು ಕಾರು ಶುರು ಮಾಡಿದೆ. ಅದೇ ಕೊನೆ. ಮುಂದಿನ ತಿಂಗಳು ತೀರಿಕೊಂಡ.

ಮೊನ್ನೆ ಗಜೇಂದ್ರಗಡಕ್ಕೆ ಹೋದಾಗ ನೀಲವ್ವತ್ತೆ ಮಗ್ಗದ ಕೋಣೆ ಗುಡಿಸುತ್ತಿದ್ದಳು. ಅಟ್ಟದಿಂದ ಒಂದು ಹೊಸ ಸೀರೆ ತೆಗೆದು, ಧೂಳು ಝಾಡಿಸಿ, "ಇದನ್ನ ಒಯ್ಯಾವರ ಇಲ್ಲದಂಗಾತು" ಎಂದಳು. ಮಾವ ವರ್ಷಕ್ಕೊಂದು ಸೀರೆಯನ್ನು ಬೇರೆಯಾಗಿ ನೇಯ್ದು, ಯಾರನ್ನೂ ಜೊತೆಗೆ ಕರೆಯದೆ ತಾನೇ ಇಟಗಿಗೆ ಒಯ್ಯುತ್ತಿದ್ದನಂತೆ. ಭೀಮವ್ವನ ಗುಡಿಗೆ ಹರಕೆ ಎನ್ನುತ್ತಿದ್ದನಂತೆ.

"ಯಾವಾಗಿಂದ ಅತ್ತಿ?"

"ನೀ ಸಾಲಿ ಕಲೀತಿದ್ದಿ ನೋಡು, ಆವಾಗಿಂದ."

ನಾನು ಸೀರೆಯನ್ನು ಕೈಗೆ ತೆಗೆದುಕೊಂಡೆ. ದೇವಿಗೆ ಒಯ್ಯುವ ಹಸಿರಲ್ಲ, ಅಂಚಿಗೆ ಜರಿಯಿಲ್ಲ. ಹೊಲಕ್ಕೆ ಉಟ್ಟುಕೊಂಡು ಹೋಗುವಂಥ ಕಂದು ಸೀರೆ. ಅತ್ತೆ ಕಸಬರಿಗೆ ಎತ್ತಿಕೊಂಡು ಮತ್ತೆ ಗುಡಿಸತೊಡಗಿದಳು. ಗುಡಿಸಿದ ಜಾಗವನ್ನೇ ಮತ್ತೆ ಗುಡಿಸುತ್ತಿದ್ದಳು.

"ಅತ್ತಿ, ಖರೇ ಹೇಳು, ಈ ಸೀರಿ ಭೀಮವ್ವಗ ಮುಟ್ಟತಿತ್ತೋ, ಗಂಗವ್ವಗೋ?"